ಸಂಭವನೀಯತೆ, ಸಂಖ್ಯಾಶಾಸ್ತ್ರ: ಸೂತ್ರ ಬರುತ್ತೆ, ಯಾವ ಲೆಕ್ಕಕ್ಕೆ ಯಾವುದು ಅಂತ ಹೊಳೆಯಲ್ಲ. ನೀವು ಹೇಗೆ ಅಭ್ಯಾಸ ಮಾಡ್ತೀರಿ?

ಹೇಮಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ಬಿ.ಕಾಂ. ಮುಗಿಸಿ ಈಗ ಡೇಟಾ ಅನಲಿಸ್ಟ್ ಕೆಲಸಕ್ಕೆ ತಯಾರಿ ಮಾಡ್ತಿದೀನಿ. ಪಿಯುಸಿಯಲ್ಲಿ ಸಂಖ್ಯಾಶಾಸ್ತ್ರ ತಗೊಂಡಿದ್ದೆ. ಸೂಚ್ಯಂಕ, ಕಾಲಶ್ರೇಣಿ, ದ್ವಿಪದ ವಿತರಣೆ, ಪಾಯ್ಸಾನ್ ಎಲ್ಲ ಓದಿದ್ದೆ, ಅಂಕಾನೂ ಚೆನ್ನಾಗೇ ಬಂದಿತ್ತು.

ಕಷ್ಟ ಏನಂದ್ರೆ, ಅಧ್ಯಾಯದ ಕೊನೆಯ ಲೆಕ್ಕ ಕೊಟ್ರೆ ಸರಾಗವಾಗಿ ಮಾಡ್ತೀನಿ. ಯಾವ ಸೂತ್ರ ಹಾಕ್ಬೇಕು ಅಂತ ಅಧ್ಯಾಯದ ಹೆಸರೇ ಹೇಳ್ಬಿಡುತ್ತಲ್ಲ. ಅದೇ ಲೆಕ್ಕಗಳನ್ನ ಕಲಸಿ ಕೊಟ್ರೆ ಕೂಡಬೇಕಾ, ಗುಣಿಸಬೇಕಾ, ಕ್ರಮಯೋಜನೆನಾ (ಜೋಡಿಸೋ ಕ್ರಮ ಮುಖ್ಯ), ವಿಕಲ್ಪನಾ (ಆಯ್ಕೆ ಮಾತ್ರ ಮುಖ್ಯ), ಒಂದೂ ತೋಚಲ್ಲ. ಸಂದರ್ಶನದ ತಯಾರಿಗೆ ಅಂತ ಗೆಳತಿ ಒಂದು ಪ್ರಶ್ನೆ ಕೇಳಿದಳು: ಎರಡು ಘಟನೆಗಳು ಪರಸ್ಪರ ವರ್ಜಕ ಆಗಿದ್ರೆ ಅವು ಸ್ವತಂತ್ರವೂ ಆಗಿರ್ತವಾ? ಎರಡರ ವ್ಯಾಖ್ಯೆಯೂ ಬಾಯಲ್ಲಿದೆ (ವರ್ಜಕ ಅಂದ್ರೆ ಒಟ್ಟಿಗೆ ಆಗಲ್ಲ, ಸ್ವತಂತ್ರ ಅಂದ್ರೆ ಒಂದು ಆದ್ರೂ ಇನ್ನೊಂದರ ಸಂಭವ ಬದಲಾಗಲ್ಲ), ಉತ್ತರ ಬರ್ಲಿಲ್ಲ.

ಇನ್ನೂ ನೂರು ಲೆಕ್ಕ ಬಿಡಿಸು ಅಂತ ಎಲ್ರೂ ಹೇಳ್ತಾರೆ. ನಿಜವಾಗಿ ಅದರಿಂದ ಆಗುತ್ತಾ?

ಗಣಿತ_ಮೇಷ್ಟ್ರು
ನೂರು ಲೆಕ್ಕ ಬೇಡ, ಇಪ್ಪತ್ತು ಸಾಕು. ಆದರೆ ಐದು ಬೇರೆ ಬೇರೆ ಅಧ್ಯಾಯಗಳಿಂದ ಆರಿಸಿ ಕಲಸಿಡಿ. ಮೊದಲ ದಿನ ಒಂದನ್ನೂ ಬಿಡಿಸಬೇಡಿ. ಪ್ರತಿ ಲೆಕ್ಕದ ಪಕ್ಕ ಎರಡೇ ಸಾಲು ಬರೀರಿ: ಇದು ಯಾವ ಜಾತಿಯ ಲೆಕ್ಕ, ಯಾಕೆ. ಬಿಡಿಸೋದು ಮಾರನೇ ದಿನ. ಗುರುತಿಸೋದು ಬೇರೆ ವಿದ್ಯೆ, ಬಿಡಿಸೋದು ಬೇರೆ ವಿದ್ಯೆ. ನಮ್ಮ ತರಗತಿಗಳಲ್ಲಿ ಎರಡನೇದನ್ನು ಮಾತ್ರ ಮಾಡಿಸ್ತೀವಿ.

ಇನ್ನು ನಿಮ್ಮ ಗೆಳತಿಯ ಪ್ರಶ್ನೆ. ಒಂದು ದಾಳ ಹಾಕಿ. 'ಸಮಸಂಖ್ಯೆ' ಮತ್ತು 'ಮೂರು' ಪರಸ್ಪರ ವರ್ಜಕ, ಎರಡೂ ಒಟ್ಟಿಗೆ ಬೀಳೋ ಸಂಭವ 0. ಸ್ವತಂತ್ರ ಆಗಿದ್ರೆ ಅದು ಎರಡರ ಸಂಭವ ಗುಣಿಸಿದಷ್ಟು, 1/2 × 1/6 = 1/12 ಆಗ್ಬೇಕಿತ್ತು. ಆಗ್ಲಿಲ್ಲ. ಒಂದು ಆದ ಕೂಡಲೇ ಇನ್ನೊಂದು ಆಗೋದೇ ಇಲ್ಲ ಅಂತ ಗೊತ್ತಾಗೋದಾದ್ರೆ ಅದಕ್ಕಿಂತ ದೊಡ್ಡ ಅವಲಂಬನೆ ಇನ್ನೇನಿದೆ?

ಈಗ 'ಸಮಸಂಖ್ಯೆ' ಮತ್ತು 'ಮೂರರ ಗುಣಕ' ನೋಡಿ. ಎರಡೂ ಆಗೋದು 6 ಬಿದ್ದಾಗ ಮಾತ್ರ, 1/6. ಇತ್ತ 1/2 × 1/3 ಕೂಡ 1/6. ಇವು ಸ್ವತಂತ್ರ. ಒಂದೇ ದಾಳ, ಒಂದೇ ಎಸೆತ, ಆದರೂ ಸ್ವತಂತ್ರ. ಸ್ವತಂತ್ರ ಅಂದ್ರೆ ಎರಡು ಬೇರೆ ದಾಳ ಇರಬೇಕು ಅಂತ ತುಂಬಾ ಮಕ್ಕಳು ತಿಳ್ಕೊಂಡಿರ್ತಾರೆ, ಅಲ್ಲೇ ಎಡವೋದು.

ಕುಡ್ಲದ_ಅಲೆ
ಈ ಎರಡನೇ ಉದಾಹರಣೆ ಯಾರೂ ಹೇಳಿಕೊಡ್ಲಿಲ್ಲ ಮಾರಾಯ್ರೆ. ಇದೊಂದರಲ್ಲೇ ವಿಷಯ ಪೂರ್ತಿ ಉಂಟು.

ಮಲಪ್ರಭಾ_ಕಡೆಯಾಂವ
ಕಲಸಿ ಕೊಡೂದು ಛಲೋ ವಿಚಾರ. ಆದ್ರ ನೂರು ಲೆಕ್ಕ ಬ್ಯಾಡ ಅನ್ನೂದು ನಾ ಒಪ್ಪೂದಿಲ್ರಿ. ಪರೀಕ್ಷಾದಾಗ ಟೈಮ್ ಇರಂಗಿಲ್ಲ, ಕೈ ಓಡಬೇಕಂದ್ರ ರೂಢಿ ಬೇಕs ಬೇಕು. ಮೊದಲು ಒಂದs ನಮೂನಿ ಲೆಕ್ಕ ಕೈಗೆ ಹತ್ತಬೇಕು, ಆಮ್ಯಾಲೆ ಕಲಸ್ರಿ.

ಕವಡೆ_ಮನೆ
ನನ್ನ ಅನುಭವ ಬೇರೆ. ಈ ವಿಷಯ ನನಗೆ ಹತ್ತಿದ್ದು ಚೌಕಾಬಾರದಿಂದ. ಮೈಸೂರು ಕಡೆಯವರಿಗೆ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ: ಐದು ಮನೆ ಉದ್ದ, ಐದು ಮನೆ ಅಗಲ, ನಾಲ್ಕು ಕವಡೆ. ಎಷ್ಟು ಕವಡೆ ಬಾಯಿ ಮೇಲೆ ಬೀಳುತ್ತೋ ಅಷ್ಟು ಮನೆ ನಡೆಸ್ಬೇಕು. ನಾಲ್ಕೂ ಮೇಲೆ ಬಿದ್ರೆ ಚೌಕ, 4. ನಾಲ್ಕೂ ಮಗುಚಿ ಬಿದ್ರೆ ಬಾರ, 8. ಚೌಕಕ್ಕೂ ಬಾರಕ್ಕೂ ಇನ್ನೊಂದು ಆಟ ಸಿಗುತ್ತೆ.

ಮನೆಯಲ್ಲಿ ಮಕ್ಕಳು 'ಬಾರ ಬೀಳೋದು ಅಪರೂಪ' ಅಂತಾರೆ. ಎಷ್ಟು ಅಪರೂಪ ಅಂತ ಕೇಳಿ, ಮೊದಲು ಒಂದು ಅಂದಾಜು ಬರೆಸಿ, ಆಮೇಲೆ ಎಸೆಯೋದಕ್ಕೆ ಕೂರಿಸಿ. ಬಿದ್ದಿದ್ದನ್ನೆಲ್ಲ ಗೀಟು ಹಾಕ್ತಾ ಹೋದ್ರೆ ಆವೃತ್ತಿ ವಿತರಣೆ ಕಣ್ಣೆದುರೇ ಬೆಳೆಯುತ್ತೆ. ಎರಡರ ಸಾಲು ಎತ್ತರಕ್ಕೆ ಹೋಗುತ್ತೆ, ಚೌಕ ಬಾರ ಕುಳ್ಳಗೇ ಉಳೀತವೆ. ದ್ವಿಪದ ವಿತರಣೆ ಅನ್ನೋ ಹೆಸರು ಆಮೇಲೆ ಹೇಳಿದ್ರಾಯ್ತು.

ಸಂಜೆ_ಬಸ್ಸು
1, 2, 3, 4, 8. ಒಟ್ಟು ಐದು ಫಲಿತಾಂಶ. ಹಾಗಾದ್ರೆ ಬಾರಕ್ಕೆ 1/5 ಅಲ್ವಾ? ಇದಕ್ಕೆ ಇಷ್ಟು ಹೊತ್ತು ಎಸೀಬೇಕಾ?

ಗಣಿತ_ಮೇಷ್ಟ್ರು
@ಸಂಜೆ_ಬಸ್ಸು ಐದು ಫಲಿತಾಂಶ ನಿಜ, ಐದಕ್ಕೂ ಸಮಾನ ಸಂಭವ ಅಂತ ಯಾರು ಹೇಳಿದ್ರು? ನಾಲ್ಕು ಕವಡೆಗೂ ಬೇರೆ ಬೇರೆ ಬಣ್ಣ ಬಳಿದಿದೀರಿ ಅಂದ್ಕೊಳ್ಳಿ. ಒಟ್ಟು 16 ರೀತಿ ಬೀಳಬಹುದು. ಒಂದೇ ಮೇಲೆ ಬೀಳೋದು 4 ರೀತಿ, ಎರಡು ಮೇಲೆ 6 ರೀತಿ, ಮೂರು ಮೇಲೆ 4 ರೀತಿ, ಚೌಕಕ್ಕೆ 1, ಬಾರಕ್ಕೆ 1. ಕವಡೆ ಎರಡು ಕಡೆಗೂ ಸಮನಾಗಿ ಬೀಳುತ್ತೆ ಅಂದ್ಕೊಂಡ್ರೆ ಬಾರದ ಸಂಭವ 1/16.

ಯಾವ ಲೆಕ್ಕ ಕೊಟ್ರೂ ಮೊದಲ ಪ್ರಶ್ನೆ ಇದೇ ಆಗಿರ್ಲಿ: ನಾನು ಎಣಿಸ್ತಿರೋ ಫಲಿತಾಂಶಗಳು ಸಮಸಂಭವನೀಯವಾ?

ತೋಟದ_ಮನೆ
'ಕವಡೆ ಸಮನಾಗಿ ಬೀಳುತ್ತೆ ಅಂದ್ಕೊಂಡ್ರೆ' ಅಂತ ಎಷ್ಟು ಸಲೀಸಾಗಿ ದಾಟಿಬಿಟ್ರಿ ಮೇಷ್ಟ್ರೇ. ಕವಡೆ ನಾಣ್ಯ ಅಲ್ಲ. ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಸಮ ಯಾಕಾಗ್ಬೇಕು?

ಕವಡೆ_ಮನೆ
ಅದೇ ಸ್ವಾರಸ್ಯ! ಪುಸ್ತಕದ ನಾಣ್ಯಕ್ಕೆ 1/2 ಅಂತ ಮೊದಲೇ ಕೊಟ್ಬಿಡ್ತಾರೆ. ಕವಡೆಗೆ ಯಾರೂ ಕೊಡಲ್ಲ, ನಾವೇ ಕಂಡುಹಿಡೀಬೇಕು. ಸಂಭವನೀಯತೆ ಮುಗಿದು ಸಂಖ್ಯಾಶಾಸ್ತ್ರ ಶುರುವಾಗೋದು ಅಲ್ಲೇ.

ಉದಾಹರಣೆಗೆ, ನಾಲ್ಕು ಕವಡೆಯನ್ನ 100 ಸಲ ಎಸೆದ್ರೆ 400 ಕವಡೆ ಬಿದ್ದಂಗಾಯ್ತು. ಅದರಲ್ಲಿ 240 ಬಾಯಿ ಮೇಲೆ ಬಿದ್ವು ಅಂದ್ಕೊಳ್ಳಿ, ಅನುಪಾತ 0.6. ಕವಡೆ ನಿಜಕ್ಕೂ ಸಮ ಆಗಿದ್ದೂ ಅದೃಷ್ಟದಿಂದ ಹೀಗಾಯ್ತಾ? ಸಮ ಆಗಿದ್ರೆ ಆ ಅನುಪಾತದ ಮಾನಕ ದೋಷ (ಬರೀ ಅದೃಷ್ಟದಿಂದ ಆಗೋ ಸಾಮಾನ್ಯ ಏರಿಳಿತ) √(0.5 × 0.5 ÷ 400) = 0.025. ನಮಗೆ ಬಂದಿರೋದು 0.5ರಿಂದ 0.1 ದೂರ, ಅಂದ್ರೆ ನಾಲ್ಕು ಪಟ್ಟು. ಅದೃಷ್ಟ ಅನ್ನೋಕೆ ತೀರಾ ಜಾಸ್ತಿ.

0.6 ಹಾಕಿ ಮತ್ತೆ ಲೆಕ್ಕ ಮಾಡಿದ್ರೆ ಚೌಕ 0.13 ಆಗುತ್ತೆ, ಬಾರ 0.026ಕ್ಕೆ ಇಳಿಯುತ್ತೆ. ಎರಡೂ ಒಂದೇ ಅಪರೂಪ ಅಂದ್ಕೊಂಡಿದ್ದು, ಈಗ ಐದು ಪಟ್ಟು ವ್ಯತ್ಯಾಸ. 

ಮಲಪ್ರಭಾ_ಕಡೆಯಾಂವ
ನಮ್ಮ ಕಡೆ ಹುಣಸಿ ಬೀಜಾ ಒಂದು ಮಗ್ಗಲಾ ತಿಕ್ಕಿ ಆಡತೀವ್ರಿ. ತಿಕ್ಕಿದ್ದು ಹೆಚ್ಚು ಕಡಿಮಿ ಆದ್ರ ಬೀಳೂದೂ ಬ್ಯಾರೆ ಆಗತದ. ನಾಲ್ಕಕ್ಕೂ ಒಂದs ಸಂಭವ ಅಂತ ಹಿಡದ್ರ ನಿಮ್ಮ ದ್ವಿಪದ ನಿಂದರೂದಿಲ್ಲ.

ತೋಟದ_ಮನೆ
+1. ನಾಲ್ಕಕ್ಕೂ ಬೇರೆ ಬಣ್ಣ ಹಚ್ಚಿ, ಪ್ರತಿಯೊಂದಕ್ಕೂ ಪ್ರತ್ಯೇಕ ಲೆಕ್ಕ ಇಡ್ಬೇಕು. ಒಂದು ಬೀಜ 0.7, ಇನ್ನೊಂದು 0.4 ಅಂತ ಬಂದ್ರೆ ದ್ವಿಪದದ ಸೂತ್ರ ಬಿಟ್ಟು 16 ಸಾಲನ್ನೂ ಕೈಯಲ್ಲೇ ಬರೀಬೇಕು. ಬರೆದವರಿಗೆ ಸೂತ್ರದ ಹಿಂದಿನ ಷರತ್ತು ಯಾವತ್ತೂ ಮರೆಯಲ್ಲ.

ಹೇಮಾವತಿ_ದಂಡೆ
ಇದು ನಿಜಕ್ಕೂ ಕಣ್ತೆರೆಸ್ತು. ಸಂಭವ ಬದಲಾಗಬಾರದು, ಎಸೆತಗಳು ಸ್ವತಂತ್ರ ಇರಬೇಕು ಅಂತ ದ್ವಿಪದದ ಷರತ್ತುಗಳನ್ನ ಎರಡು ಅಂಕದ ಪ್ರಶ್ನೆಗೆ ಅಂತ ಓದಿದ್ದೆ. ಅವು ಮುರಿದ್ರೆ ಏನಾಗುತ್ತೆ ಅಂತ ಯಾವ ಲೆಕ್ಕದಲ್ಲೂ ನೋಡಿರ್ಲಿಲ್ಲ.

ಇನ್ನೊಂದು ಕೇಳ್ಲಾ? 'ಕನಿಷ್ಠ ಒಂದು' ಅಂತ ಬಂದ್ರೆ ಯಾವಾಗ್ಲೂ 1ರಿಂದ ಕಳೀಬೇಕಾ?

ಗಣಿತ_ಮೇಷ್ಟ್ರು
ಯಾವಾಗ್ಲೂ ಅಂತಿಲ್ಲ, ಆದರೆ ಬಹುಪಾಲು ಅದೇ ಹತ್ತಿರದ ದಾರಿ. ಈ ವಿಷಯ ಹುಟ್ಟಿದ್ದರ ಜೊತೆ ನಂಟಿರೋ ಲೆಕ್ಕ ಇದು. ಒಂದು ದಾಳ ನಾಲ್ಕು ಸಲ ಹಾಕಿದ್ರೆ ಕನಿಷ್ಠ ಒಂದು ಆರು ಬೀಳೋ ಸಂಭವ ಎಷ್ಟು? ಎರಡು ದಾಳ ಒಟ್ಟಿಗೆ 24 ಸಲ ಹಾಕಿದ್ರೆ ಕನಿಷ್ಠ ಒಂದು ಜೋಡಿ ಆರು ಬೀಳೋ ಸಂಭವ ಎಷ್ಟು? 4/6 ಮತ್ತು 24/36 ಎರಡೂ 2/3, ಹಾಗಾಗಿ ಎರಡೂ ಒಂದೇ ಅಂತ ಮೇಲ್ನೋಟಕ್ಕೆ ಅನಿಸುತ್ತೆ. ಷೆವಲಿಯರ್ ದ ಮೆರೆ ಅನ್ನೋ ಫ್ರೆಂಚ್ ಜೂಜುಗಾರನ ಹೆಸರು ಈ ಪ್ರಶ್ನೆಗೆ ಅಂಟಿಕೊಂಡಿದೆ. ಅವನು ಎತ್ತಿದ ಪ್ರಶ್ನೆಗಳಿಂದಲೇ 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ನಡುವೆ ಪತ್ರವ್ಯವಹಾರ ನಡೀತು.

ಒಂದೂ ಆರು ಬೀಳದ ಸಂಭವ (5/6)ರ ನಾಲ್ಕನೇ ಘಾತ, ಅದನ್ನ 1ರಿಂದ ಕಳೆದ್ರೆ 0.518. ಎರಡನೇದಕ್ಕೆ (35/36)ರ 24ನೇ ಘಾತ ಕಳೆದ್ರೆ 0.491. ಒಂದು ಅರ್ಧಕ್ಕಿಂತ ಮೇಲೆ, ಇನ್ನೊಂದು ಕೆಳಗೆ. ದಿನವಿಡೀ ಪಣ ಕಟ್ಟೋರಿಗೆ ಈ ವ್ಯತ್ಯಾಸ ಸಾಕು.

ಸಂಜೆ_ಬಸ್ಸು
ಜೂಜು ಅಂದ ಮೇಲೆ ನೆನಪಾಯ್ತು. 2023ರ ವಿಶ್ವಕಪ್ ಫೈನಲ್‌ನಿಂದ 2025ರ ಚಾಂಪಿಯನ್ಸ್ ಟ್ರೋಫಿ ಫೈನಲ್‌ವರೆಗೆ ಭಾರತ ಏಕದಿನ ಪಂದ್ಯಗಳಲ್ಲಿ ಸತತ 15 ಟಾಸ್ ಸೋತಿತ್ತು. ಸತತ 15 ಸೋಲೋಕೆ 32,768ರಲ್ಲಿ ಒಂದು ಸಂಭವ. ಅಷ್ಟಾದ ಮೇಲೆ 16ನೇದು ಗೆಲ್ಲೋ ಸಂಭವ ಜಾಸ್ತಿ ಇರ್ಲೇಬೇಕಲ್ವಾ? ಸರಾಸರಿ ಸರಿಹೋಗ್ಬೇಕಲ್ಲ?

ಕುಡ್ಲದ_ಅಲೆ
ನಾಣ್ಯಕ್ಕೆ ನೆನಪು ಉಂಟಾ? 16ನೇದಕ್ಕೂ ಅರ್ಧವೇ.

ನ್ಯೂಜೆರ್ಸಿ_ನಂಜನಗೂಡು
ಅನುಪಾತ ಸರಿಹೋಗೋದು ಹಳೇ ಸೋಲನ್ನ ಮುಂದಿನ ಗೆಲುವು ತೀರಿಸೋದರಿಂದಲ್ಲ. ಮುಂದೆ ಸಾವಿರ ಟಾಸ್ ಆದ್ರೆ ಹಿಂದಿನ 15 ಅದರಲ್ಲಿ ಮುಳುಗಿಹೋಗ್ತವೆ, ಅಷ್ಟೇ. ಸೋಲು ಗೆಲುವಿನ ಅಂತರ ಹಾಗೇ ಉಳಿದ್ರೂ ಅನುಪಾತ ಅರ್ಧದ ಹತ್ತಿರ ಬರುತ್ತೆ.

ಇನ್ನು ಆ 32,768. ಅದು 'ಈ ಪಂದ್ಯದಿಂದ ಶುರುವಾಗಿ 15' ಅಂತ ಮೊದಲೇ ಹೇಳಿದ್ರೆ ಬರೋ ಸಂಖ್ಯೆ. ನಾವು ನೋಡಿದ್ದು ಆದ ಮೇಲೆ. ಎಷ್ಟು ತಂಡ, ಎಷ್ಟು ದಶಕ, ಎಷ್ಟು ಸಾವಿರ ಪಂದ್ಯ! ಎಲ್ಲೋ ಒಂದು ಕಡೆ, ಯಾವುದೋ ತಂಡಕ್ಕೆ ಇಂಥದ್ದಾಗೋ ಸಂಭವ ಅಷ್ಟೊಂದು ಚಿಕ್ಕದಲ್ಲ.

ತರಗತಿಯಲ್ಲಿ ಮಾಡಿಸಬಹುದಾದ್ದು: ಅರ್ಧ ಮಕ್ಕಳು ನಾಣ್ಯ 100 ಸಲ ಎಸೆದು ಬರೀಲಿ, ಉಳಿದರ್ಧ ಎಸೆಯದೆ ಮನಸ್ಸಿಗೆ ಬಂದಂತೆ 'ತಲೆ, ಹೂವು' ಬರೀಲಿ. ಹಾಳೆ ನೋಡಿದ್ರೆ ಯಾರದ್ದು ನಿಜ ಅಂತ ಹೇಳಬಹುದು. ನಿಜವಾಗಿ ಎಸೆದ 100ರಲ್ಲಿ ಒಂದೇ ಮುಖ ಸತತ ಐದು ಸಲ ಬರೋದು ಹೆಚ್ಚುಕಡಿಮೆ ಖಚಿತ. ಮನಸ್ಸಿನಿಂದ ಬರೆಯೋರು ಮೂರ್ನಾಲ್ಕಕ್ಕೇ ಬದಲಾಯಿಸ್ತಾರೆ.

ಮಲಪ್ರಭಾ_ಕಡೆಯಾಂವ
ಪರೀಕ್ಷಾಕ್ಕ ಬರೋಣ್ರಿ. ಕೆಸಿಇಟಿ ಗಣಿತದಾಗ 60 ಪ್ರಶ್ನೆ, ನಾಲ್ಕು ಆಯ್ಕೆ, ತಪ್ಪಿಗೆ ಅಂಕ ಕಳ್ಯಂಗಿಲ್ಲ. ಏನೂ ಓದದs ಕಣ್ಣು ಮುಚ್ಚಿ ಗುರುತು ಹಾಕಿದ್ರ ನಿರೀಕ್ಷಿತ ಅಂಕ 15, ಮಾನಕ ವಿಚಲನೆ (ಸರಾಸರಿಯಿಂದ ಎಷ್ಟು ಆಚೀಚೆ ಆಗತದ ಅನ್ನೂ ಅಳತಿ) √(60 × 1/4 × 3/4), ಅಂದ್ರ 3.35. 25 ದಾಟೂದು ಭಾಳ ಕಷ್ಟ. ಮಕ್ಕಳಿಗೆ ಇದನ್ನ ಲೆಕ್ಕಾ ಮಾಡ್ಸಿದ್ರ ಓದೂದು ಯಾಕ ಬೇಕು ಅಂತ ಬ್ಯಾರೆ ಹೇಳೂದೂ ಬ್ಯಾಡ.

ಹೇಮಾವತಿ_ದಂಡೆ
ನೀಟ್‌ನಲ್ಲಿ ತಪ್ಪಿಗೆ 1 ಕಳೀತಾರಲ್ಲ, ಅಲ್ಲಿ ಊಹೆ ಮಾಡಬಾರದು ಅಂತಾರೆ. ನಾನೇ ಲೆಕ್ಕ ಹಾಕಿದೆ: ಸರಿಯಾದ್ರೆ +4, ತಪ್ಪಾದ್ರೆ −1. 4 × 1/4 − 1 × 3/4 = 1/4. ಧನಾತ್ಮಕ! ಒಂದು ಆಯ್ಕೆ ತಪ್ಪು ಅಂತ ಖಚಿತವಾಗಿ ಗೊತ್ತಿದ್ರೆ 4/3 − 2/3 = 2/3. ಸರಿ ಇದೆಯಾ?

ಗಣಿತ_ಮೇಷ್ಟ್ರು
ಸರಿ ಇದೆ. ಸೂತ್ರ ಯಾವುದು ಅಂತ ಯಾರೂ ಹೇಳದೆ ನೀವೇ ನಿರೀಕ್ಷಿತ ಬೆಲೆ ಬಳಸಿದ್ರಿ, ಗಮನಿಸಿದ್ರಾ? ಒಂದು ಎಚ್ಚರ: ಪರೀಕ್ಷೆ ಬರೆಯೋದು ಒಂದೇ ಸಲ. ಸರಾಸರಿ ಧನಾತ್ಮಕ ಅಂದ್ರೂ ಏರಿಳಿತ ದೊಡ್ಡದು. ಜೊತೆಗೆ 'ಅರ್ಧ ಗೊತ್ತಿರೋ' ಪ್ರಶ್ನೆಯಲ್ಲಿ ನಮ್ಮನ್ನ ಸೆಳೆಯೋಕೆ ಅಂತಲೇ ಬರೆದ ಆಯ್ಕೆ ಇರುತ್ತೆ, ಅಲ್ಲಿ 1/4 ಅನ್ನೋ ಊಹೆಯೇ ನಿಲ್ಲಲ್ಲ.

ಜೂನ್_ಒಂದು
ಹುಟ್ಟುಹಬ್ಬದ ಲೆಕ್ಕ ಯಾರೂ ಎತ್ತಲಿಲ್ಲ. 23 ಜನ ಇದ್ರೆ ಇಬ್ಬರ ಹುಟ್ಟಿದ ದಿನ ಒಂದೇ ಆಗಿರೋ ಸಂಭವ ಅರ್ಧ ದಾಟುತ್ತೆ, 50 ಜನ ಇದ್ರೆ 0.97. ಇದನ್ನ ನಮ್ಮ ಊರಿನ ಹಿರಿಯರ ದಾಖಲೆ ಇಟ್ಕೊಂಡು ಮಾಡಿ ನೋಡಿ. ಆ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಗೊತ್ತಿಲ್ಲದಿದ್ರೆ ಮೇಷ್ಟ್ರು ಜೂನ್ 1 ಅಂತ ಬರೆದುಬಿಡ್ತಿದ್ರು. ಹತ್ತು ಜನ ಸೇರಿದ ಕಡೆ ಇಬ್ಬರು ಮೂವರು ಜೂನ್ 1.

ಐದರಲ್ಲಿ ಒಬ್ಬರದ್ದು ಜೂನ್ 1 ಅಂತಿಟ್ಕೊಂಡ್ರೆ, ಹತ್ತೇ ಜನರಲ್ಲಿ ಕನಿಷ್ಠ ಇಬ್ಬರದ್ದು ಅದೇ ದಿನ ಆಗಿರೋ ಸಂಭವ 0.62. 365 ದಿನಕ್ಕೂ ಸಮ ಅಂದ್ಕೊಂಡ ಪುಸ್ತಕದ ಲೆಕ್ಕದಲ್ಲಿ ಹತ್ತು ಜನಕ್ಕೆ 0.12 ಅಷ್ಟೇ. ದತ್ತಾಂಶ ಎಲ್ಲಿಂದ ಬಂತು ಅಂತ ಕೇಳದೆ ಸೂತ್ರಕ್ಕೆ ಹಾಕಿದ್ರೆ ಹೀಗೇ.

ಕುಡ್ಲದ_ಅಲೆ
ನಮ್ಮ ಅಜ್ಜನದ್ದೂ ಜೂನ್ 1!

ಸಂಜೆ_ಬಸ್ಸು
ನಮ್ಮ ತಂದೆ, ದೊಡ್ಡಪ್ಪ ಇಬ್ಬರದ್ದೂ.

ತೋಟದ_ಮನೆ
ಎಲ್ಲರೂ ಸಂಭವನೀಯತೆಗೇ ಅಂಟ್ಕೊಂಡಿದೀರಿ. ಸರಾಸರಿ, ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಡುವೆ ಬರೋದು), ಬಹುಲಕ (ಅತಿ ಹೆಚ್ಚು ಸಲ ಬರೋದು) ಸುಲಭ ಅಂತ ಯಾರೂ ಮುಟ್ಟಲ್ಲ, ಸಂದರ್ಶನದಲ್ಲಿ ಸಿಕ್ಕಿಬೀಳೋದು ಅಲ್ಲೇ. ಬಹುಲಕ ಯಾವುದಕ್ಕೂ ಬರಲ್ಲ ಅನ್ನೋರು ಒಂದ್ಸಲ ಎಪಿಎಂಸಿ ಅಡಿಕೆ ಧಾರಣೆ ನೋಡಿ. ಕನಿಷ್ಠ, ಗರಿಷ್ಠ, ಮೋಡಲ್ (ಅದೇ ಬಹುಲಕ) ಅಂತ ಮೂರು ದರ ಕೊಡ್ತಾರೆ. ಲೆಕ್ಕಕ್ಕೆ ಅಂತ: ಹತ್ತು ಲಾಟಿನಲ್ಲಿ ಎಂಟು 47,000ಕ್ಕೆ ಹೋದ್ವು, ಒಂದು 52,000ಕ್ಕೆ, ತೇವ ಹಿಡಿದ ಒಂದು 17,000ಕ್ಕೆ. ಸರಾಸರಿ 44,500. ಆ ದರಕ್ಕೆ ಒಂದು ಲಾಟೂ ಮಾರಾಟ ಆಗಿಲ್ಲ! ನಾಳೆ ಮಂಡಿಗೆ ಅಡಿಕೆ ಒಯ್ಯೋನಿಗೆ ಬೇಕಾಗಿರೋದು 47,000.

ನ್ಯೂಜೆರ್ಸಿ_ನಂಜನಗೂಡು
ಸರಾಸರಿಗೂ ಒಂದು ಸೇರಿಸ್ತೀನಿ. ರಾಹುಲ್ ದ್ರಾವಿಡ್ ಟೆಸ್ಟ್‌ನಲ್ಲಿ 286 ಇನಿಂಗ್ಸ್, 13,288 ರನ್. ಭಾಗಿಸಿದ್ರೆ 46.46. ಆದರೆ ಎಲ್ಲ ಕಡೆ ಸರಾಸರಿ 52.31 ಅಂತಿದೆ. ಯಾಕಂದ್ರೆ 32 ಸಲ ಔಟಾಗದೆ ಉಳಿದಿದ್ರು, ಭಾಗಿಸೋದು 254ರಿಂದ. ಛೇದದಲ್ಲಿ ಏನಿದೆ ಅಂತ ಕೇಳದೆ ಎರಡು ಸರಾಸರಿಗಳನ್ನ ಹೋಲಿಸಬಾರದು ಅಂತ ಹೇಳಿಕೊಡೋಕೆ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ.

ಸಂಜೆ_ಬಸ್ಸು
ಅದು ಅನ್ಯಾಯ ಅಲ್ವಾ? ಔಟಾಗದ ಇನಿಂಗ್ಸಿನ ರನ್ ಮಾತ್ರ ಸೇರಿಸ್ತಾರೆ, ಇನಿಂಗ್ಸ್ ಎಣಿಸಲ್ಲ.

ನ್ಯೂಜೆರ್ಸಿ_ನಂಜನಗೂಡು
ಅನ್ಯಾಯ ಅಲ್ಲ, ಪ್ರಶ್ನೆ ಬೇರೆ. 'ಒಂದು ಇನಿಂಗ್ಸಿಗೆ ಎಷ್ಟು ರನ್' ಅಂದ್ರೆ 46. 'ಒಂದು ಸಲ ಔಟ್ ಮಾಡೋಕೆ ಎದುರಾಳಿ ಎಷ್ಟು ರನ್ ತೆರಬೇಕು' ಅಂದ್ರೆ 52.

ಹೇಮಾವತಿ_ದಂಡೆ
ಛೇದ ಅಂದ್ರಲ್ಲ, ಮಾನಕ ವಿಚಲನೆಗೆ ಎನ್‌ನಿಂದ (ದತ್ತಾಂಶಗಳ ಸಂಖ್ಯೆಯಿಂದ) ಭಾಗಿಸ್ಬೇಕಾ, ಎನ್ − 1ರಿಂದನಾ? ಕ್ಯಾಲ್ಕುಲೇಟರ್‌ನಲ್ಲಿ ಎರಡೂ ಗುಂಡಿ ಇದೆ.

ಮಲಪ್ರಭಾ_ಕಡೆಯಾಂವ
ಎನ್. ಪಠ್ಯಪುಸ್ತಕದಾಗ ಹಂಗs ಅದ.

ತೋಟದ_ಮನೆ
ಎನ್ − 1. ಸ್ಪ್ರೆಡ್‌ಶೀಟ್ ಅದನ್ನೇ ಕೊಡುತ್ತೆ.

ಗಣಿತ_ಮೇಷ್ಟ್ರು
ಇಬ್ಬರೂ ಪೂರ್ತಿ ಹೇಳ್ತಿಲ್ಲ. ಎಲ್ಲ ದತ್ತಾಂಶವೂ ಕೈಯಲ್ಲಿದ್ರೆ ಎನ್. ಸ್ವಲ್ಪ ಮಾತ್ರ ಆರಿಸಿ ಅದರಿಂದ ಪೂರ್ತಿಯದ್ದನ್ನ ಅಂದಾಜು ಮಾಡ್ತಿದ್ರೆ ಎನ್ − 1. ಯಾಕೆ ಅಂತ ಹತ್ತು ನಿಮಿಷದಲ್ಲಿ ಕೈಯಾರೆ ನೋಡಬಹುದು.

ಮೂರು ಚೀಟಿ: 1, 2, 3. ಇದರ ವೇರಿಯನ್ಸ್ (ಮಾನಕ ವಿಚಲನೆಯ ವರ್ಗ) 2/3. ಈಗ ಒಂದು ಚೀಟಿ ಎತ್ತಿ, ವಾಪಸ್ ಹಾಕಿ, ಇನ್ನೊಂದು ಎತ್ತಿ. ಒಟ್ಟು 9 ಜೋಡಿ. ಪ್ರತಿ ಜೋಡಿಗೂ ಎನ್ − 1ರಿಂದ, ಅಂದ್ರೆ ಇಲ್ಲಿ 1ರಿಂದ, ಭಾಗಿಸಿ ವೇರಿಯನ್ಸ್ ಬರೀರಿ. ಒಂದೇ ಸಂಖ್ಯೆಯ 3 ಜೋಡಿಗೆ 0. ಅಕ್ಕಪಕ್ಕದ ಸಂಖ್ಯೆಯ 4 ಜೋಡಿಗೆ 1/2. 1 ಮತ್ತು 3 ಬರೋ 2 ಜೋಡಿಗೆ 2. ಕೂಡಿದ್ರೆ 6, ಒಂಬತ್ತರಿಂದ ಭಾಗಿಸಿದ್ರೆ 2/3. ಸರಿಯಾಗಿ ಬಂತು! ಎನ್‌ನಿಂದ ಭಾಗಿಸಿದ್ರೆ 1/3 ಬರುತ್ತೆ, ನಿಜದ ಅರ್ಧ.

ಮಲಪ್ರಭಾ_ಕಡೆಯಾಂವ
ಮಾಡಿ ನೋಡಿದೆ. ಬರೋಬ್ಬರಿ ಅದ. ಒಂಬತ್ತು ಸಾಲಿನ್ಯಾಗ ಮುಗಿಯೂ ಮಾತು ನಾಕು ಪುಟಾ ಬರದಿರ್ತಾರ ನೋಡ್ರಿ.

ಕವಡೆ_ಮನೆ
ಹೀಗೆ ಸರಾಸರಿಯಲ್ಲಿ ನಿಜದ ಬೆಲೆಯೇ ಕೊಡೋ, ಪಕ್ಷಪಾತ ಇಲ್ಲದ ಅಂದಾಜು ಅಂದ ಮೇಲೆ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಹೆಸರು ಬರಲೇಬೇಕು. ಅಂಥ ಅಂದಾಜಿನ ಏರಿಳಿತವನ್ನ ಎಷ್ಟೇ ಜಾಣತನ ಮಾಡಿದ್ರೂ ಒಂದು ಮಿತಿಗಿಂತ ಕೆಳಗೆ ಇಳಿಸೋಕಾಗಲ್ಲ ಅಂತ 1945ರಲ್ಲಿ ತೋರಿಸಿದ್ರು. ಕ್ರಾಮೆರ್–ರಾವ್ ಮಿತಿ ಅಂತಾರೆ. ಅವರು ಹುಟ್ಟಿದ್ದು 1920ರಲ್ಲಿ ನಮ್ಮ ಹೂವಿನ ಹಡಗಲಿಯಲ್ಲಿ, ಆಗ ಬಳ್ಳಾರಿ, ಈಗ ವಿಜಯನಗರ ಜಿಲ್ಲೆ. 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು, ಅದೇ ಆಗಸ್ಟ್‌ನಲ್ಲಿ 102ನೇ ವಯಸ್ಸಿಗೆ ತೀರಿಕೊಂಡ್ರು. ನಮ್ಮ ಶಾಲೆಗಳಲ್ಲಿ ಈ ಅಧ್ಯಾಯ ಶುರುಮಾಡುವಾಗ ಅವರ ಹೆಸರು ಒಂದು ಸಲವಾದ್ರೂ ಬರಬೇಕು.

ನಸುಕಿನ_ಪಾಳಿ
ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡ್ತೀನಿ. ಬೇಯ್ಸ್ ಪ್ರಮೇಯಕ್ಕೆ (ಹೊಸ ಮಾಹಿತಿ ಸಿಕ್ಕಾಗ ಸಂಭವ ಹೇಗೆ ಬದಲಾಗುತ್ತೆ ಅನ್ನೋ ಸೂತ್ರಕ್ಕೆ) ಹೆದರೋರಿಗೆ ಒಂದು ದಾರಿ: ಶೇಕಡಾ ಬಿಟ್ಟು ತಲೆ ಎಣಿಸಿ. 1000 ಜನ, ಅವರಲ್ಲಿ 10 ಜನಕ್ಕೆ ಕಾಯಿಲೆ. ಪರೀಕ್ಷೆ 10ರಲ್ಲಿ 9 ಜನರನ್ನ ಹಿಡಿಯುತ್ತೆ. ಕಾಯಿಲೆ ಇಲ್ಲದ 990ರಲ್ಲಿ ಶೇ 9, ಅಂದ್ರೆ 89 ಜನಕ್ಕೂ ಪಾಸಿಟಿವ್ ತೋರಿಸುತ್ತೆ. ಒಟ್ಟು 98 ಪಾಸಿಟಿವ್‌ನಲ್ಲಿ ನಿಜವಾದ್ದು 9. ಹತ್ತಕ್ಕೆ ಒಂದೂ ಇಲ್ಲ. ಗರ್ಡ್ ಗಿಗರೆನ್ಜರ್ ಅನ್ನೋ ಜರ್ಮನ್ ಮನೋವಿಜ್ಞಾನಿ ಹೀಗೆ ಎಣಿಸಿ ಹೇಳೋದನ್ನೇ ವರ್ಷಗಟ್ಟಲೆ ವಾದಿಸ್ತಾ ಬಂದಿದಾರೆ. ವರದಿ ಕೈಗೆ ಬಂದ ತಕ್ಷಣ ಕಣ್ಣೀರು ಹಾಕೋ ಜನರನ್ನ ನೋಡ್ತೀನಿ, ಅದಕ್ಕೇ ಇದು ಎಲ್ಲರಿಗೂ ಗೊತ್ತಿರಲಿ ಅನಿಸುತ್ತೆ.

ಸಂಜೆ_ಬಸ್ಸು
ಅಂದ್ರೆ ಪರೀಕ್ಷೆ ಕೆಟ್ಟದ್ದಾ?

ನಸುಕಿನ_ಪಾಳಿ
ಅಲ್ಲ. ಕಾಯಿಲೆ ಅಪರೂಪ ಇದ್ದಾಗ ಹೀಗಾಗುತ್ತೆ. ಲಕ್ಷಣ ಇದ್ದೋರನ್ನೇ ಪರೀಕ್ಷಿಸಿ, 1000ದಲ್ಲಿ 500 ಜನಕ್ಕೆ ಕಾಯಿಲೆ ಇದ್ರೆ 450 ನಿಜ, 45 ಸುಳ್ಳು. ಅದೇ ಕಿಟ್.

ಹೇಮಾವತಿ_ದಂಡೆ
ಎಲ್ಲರಿಗೂ ಧನ್ಯವಾದ. ಐದು ಅಧ್ಯಾಯ ಕಲಸಿ ಇಪ್ಪತ್ತು ಲೆಕ್ಕದ ಪಟ್ಟಿ ಮಾಡ್ಕೊಂಡೆ. ಕವಡೆನೂ ತರಿಸಿದೀನಿ. ಒಂದು ಅನುಮಾನ: ಚೌಕ ಬಾರ ಬಿದ್ರೆ ಇನ್ನೊಂದು ಆಟ ಅಂದ್ರಲ್ಲ. ಹಾಗಾದ್ರೆ ಒಂದು ಸರದಿಯಲ್ಲಿ ಸರಾಸರಿ ಎಷ್ಟು ಮನೆ ನಡೀತೀವಿ? ಸಮ ಕವಡೆ ಅಂತ ಹಿಡಿದು ಒಂದು ಎಸೆತಕ್ಕೆ 40/16 = 2.5 ಬಂತು. ಮುಂದೆ ಹೇಗೆ?

ಕವಡೆ_ಮನೆ
ಸರದಿಯ ಸರಾಸರಿ 'ಸ' ಅಂತಿಡಿ. ಒಂದು ಎಸೆತದಿಂದ 2.5. ಅದರ ಮೇಲೆ 1/8 ಸಂಭವದಿಂದ ಸರದಿ ಹೊಸದಾಗಿ ಶುರು. ಸ = 2.5 + ಸ/8. ಹಾಗಾಗಿ ಸ = 20/7, ಸುಮಾರು 2.857.

ಮಲಪ್ರಭಾ_ಕಡೆಯಾಂವ
ನಮ್ಮ ಕಡೆ ಸತತ ಮೂರು ಸಲ ಹಂಗ ಬಿದ್ರ ಎಲ್ಲಾ ರದ್ದು, ಸರದಿನೂ ಹೋಗತದ. ಅದಕ್ಕ ನಿಮ್ಮ ಸಮೀಕರಣ ನಡ್ಯಂಗಿಲ್ಲ.

ಹೇಮಾವತಿ_ದಂಡೆ
ನಿಲ್ಲಿ, ಇದನ್ನ ನಾನೇ ಮಾಡ್ತೀನಿ. ಚೌಕ ಬಾರ ಬಿಟ್ಟು ಬೇರೆ ಬಿದ್ರೆ ಸರಾಸರಿ 2, ಚೌಕ ಅಥವಾ ಬಾರ ಬಿದ್ರೆ ಸರಾಸರಿ 6. ಮೊದಲಲ್ಲೇ ನಿಲ್ಲೋದು 7/8, ಆಗ 2. ಒಂದು ಹೆಚ್ಚುವರಿ ಆಟ ಸಿಕ್ಕಿ ನಿಲ್ಲೋದು 7/64, ಆಗ 8. ಎರಡು ಸಿಕ್ಕಿ ನಿಲ್ಲೋದು 7/512, ಆಗ 14. ಮೂರಾದ್ರೆ 1/512, ಆಗ 0. ಒಟ್ಟು 1442/512, ಅಂದ್ರೆ 2.816.

ಗಣಿತ_ಮೇಷ್ಟ್ರು
ಸರಿ. ಈಗ ಸಂಭವವನ್ನ 0.6 ಮಾಡಿ ಇದನ್ನೇ ಇನ್ನೊಂದ್ಸಲ ಮಾಡಿ.